ರುಕ್ಮಾಳ ಕಾಲು ನೆಲ ಮುಟ್ಟದ ಮಳೆಗಾಲ

ಕಂಪ್ಯೂಟರ್ ಮುಂದೆ ಕೂತವರನ್ನು ಕಂಡರೆ ಎಲ್ಲರೂ ಅವರ ಮುಖ ನೋಡುತ್ತಾರೆ. ನಾನು ಕಾಲು ನೋಡುತ್ತೇನೆ. ಇದು ಹಳೆಯ ಚಟ. ಬ್ಯಾಂಕಿನಲ್ಲಿ ಬೇಕೆಂದೇ ಪೆನ್ನು ಬೀಳಿಸಿ, ಎತ್ತಿಕೊಳ್ಳುವ ನೆಪದಲ್ಲಿ ಮೇಜಿನ ಅಡಿಗೆ ಇಣುಕಿದ್ದೇನೆ. ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ ತುದಿಗಾಲ ಮೇಲೆ ನಿಂತು ಒಳಗೆ ನೋಡಲು ಹೋಗಿ ಹಿಂದಿನವರಿಂದ ಬೈಸಿಕೊಂಡಿದ್ದೇನೆ. ನನ್ನ ಸೊಸೆ ಈಗ ಇಂಥ ಕಡೆಗಳಿಗೆ ನನ್ನನ್ನು ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದಾಳೆ.

ಹೋದ ಆಷಾಢದಲ್ಲಿ ನೆಹರು ನಗರದ ಒಂದು ಲ್ಯಾಬಿಗೆ ಒಬ್ಬಳೇ ಹೋಗಿದ್ದೆ, ರಕ್ತದ ಸಕ್ಕರೆ ನೋಡಿಸಲು. ಬೆಳಗಾವಿಯ ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಬಾಗಿಲಲ್ಲಿ ‘ಪಾದರಕ್ಷೆ ಹೊರಗೆ ಬಿಡಿ’ ಎಂಬ ಬೋರ್ಡು, ಅದರ ಕೆಳಗೆ ತೊಯ್ದ ಚಪ್ಪಲಿಗಳ ರಾಶಿ. ನಾನು ಬಗ್ಗಿ ಚಪ್ಪಲಿ ಬಿಡುತ್ತಿದ್ದಾಗ ಯಾರೋ ಬಾಗಿಲು ತೆರೆದರು, ಒಳಗಿನ ಎಸಿಯ ಗಾಳಿ ಹೊರಗೆ ಬಂತು. ತೊಯ್ದ ತೊಗಲಿನ ವಾಸನೆ, ರಬ್ಬರಿನ ವಾಸನೆ, ಆ ತಣ್ಣನೆಯ ಗಾಳಿ, ಮೂರೂ ಸೇರಿ ಮೂಗಿಗೆ ಬಡಿದದ್ದೇ ತಡ, ನಾನು ಇಪ್ಪತ್ತೊಂಬತ್ತು ವರ್ಷದವಳಾಗಿ ಉದ್ಯಮಬಾಗದ ಕಾರ್ಖಾನೆಯ ಮಹಡಿ ಮೆಟ್ಟಿಲ ಮೇಲೆ ನಿಂತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆಯಲ್ಲಿ ನಾನು ದವಾಖಾನೆಯ ನರ್ಸು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತರೆ ಸಂಜೆಯವರೆಗೆ ಕಣ್ಣಿಗೆ ಹಾರಿದ ಕಬ್ಬಿಣದ ಚೂರು ತೆಗೆಯುವುದು, ಸುಟ್ಟ ಕೈಗೆ ಮುಲಾಮು ಹಚ್ಚುವುದು. ಕೆಲಸ ಚೆನ್ನಾಗಿ ಬರುತ್ತಿತ್ತು, ಬರುತ್ತದೆ ಎಂಬುದೂ ನನಗೆ ಚೆನ್ನಾಗಿ ಗೊತ್ತಿತ್ತು. ಆ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಬಹಳ ಇಲ್ಲ ಎಂದುಕೊಂಡಿದ್ದೆ.

ಆ ವರ್ಷ ಮಹಡಿಗೆ ಕಂಪ್ಯೂಟರ್ ಬಂತು. ಕಪ್ಪು ಪರದೆ, ಹಸಿರು ಅಕ್ಷರ, ಒಂದೇ ಸಾಲಿನಲ್ಲಿ ಆರು. ಸ್ಟೋರಿನಲ್ಲಿರುವ ನಟ್ಟು, ಬೋಲ್ಟು, ಎರಕದ ತುಂಡು ಎಲ್ಲದರ ಪಟ್ಟಿ ಅದರೊಳಗೆ ತುಂಬಿಸುವುದು, ಅದಕ್ಕೆ ಆರು ಜನ ಹುಡುಗಿಯರು. ತೆಂಗಿನಕಾಯಿ ಒಡೆದು ಪೂಜೆ ಮಾಡಿದರು. ಹುಡುಗಿಯರು ಪೂರ್ವಕ್ಕೆ ಮುಖ ಮಾಡಿ ಕೂರಬೇಕೆಂದು ಮೇಜುಗಳನ್ನೆಲ್ಲ ಪೂರ್ವದ ದೊಡ್ಡ ಕಿಟಕಿಗೆ ಎದುರಾಗಿ ಇಟ್ಟರು. ಕೋಣೆಗೆ ಎಸಿ ಬಂತು. ಆಗ ನಮ್ಮ ಮ್ಯಾನೇಜರ ಕೋಣೆಗೂ ಎಸಿ ಇರಲಿಲ್ಲ. ಧೂಳು ಬಿದ್ದರೆ ಯಂತ್ರ ಕೆಡುತ್ತದೆಂದು ಎಲ್ಲರೂ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಹೋಗಬೇಕು. ಆ ವಿಭಾಗದ ಇನ್‌ಚಾರ್ಜ್ ಆಗಿದ್ದವರು ಹೊಸ ಅಳಿಯನನ್ನು ನೋಡಿಕೊಂಡ ಹಾಗೆ ಆ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಕಾಗದದ ಪೆಟ್ಟಿಗೆ, ಕಟ್ಟಿಗೆ, ಇಟ್ಟಿಗೆ ಏನೂ ಒಳಗೆ ಬರಕೂಡದು. ಊಟದ ಡಬ್ಬಿಯ ಚೀಲಕ್ಕೆ ಮಾತ್ರ ವಿನಾಯಿತಿ, ಏಕೆಂದರೆ ಹೊರಗೆ ಇಟ್ಟರೆ ಇರುವೆ ಮುತ್ತುತ್ತಿತ್ತು.

ಮಳೆ ಹಿಡಿದ ಹದಿನೈದು ದಿನಕ್ಕೆ ಆ ಆರೂ ಜನ ಒಬ್ಬೊಬ್ಬರಾಗಿ ನನ್ನ ದವಾಖಾನೆಗೆ ಬರತೊಡಗಿದರು. ಕಣ್ಣು ಉರಿ, ಕುತ್ತಿಗೆ ನೋವು, ತಲೆ ಶೂಲೆ. ಮೊದಮೊದಲು ನಾನೂ ಗುಳಿಗೆ ಕೊಟ್ಟು ಕಳಿಸಿದೆ. ಕೆಳಗೆ ಬೆಂಕಿಯ ಮುಂದೆ ನಿಲ್ಲುವವರ ನಡುವೆ, ತಂಪಿನಲ್ಲಿ ಕೂತು ಬೆರಳು ಆಡಿಸುವವರ ನೋವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲವೆಂದು ಹೇಳಿಬಿಡುತ್ತೇನೆ.

ಅವರಲ್ಲಿ ಒಬ್ಬಳು ರುಕ್ಮಾ. ಖಾನಾಪುರದಾಚೆ, ಜಾಂಬೋಟಿಯ ರಸ್ತೆಯಲ್ಲಿ ಒಳಕ್ಕಿರುವ ಒಂದು ಹಳ್ಳಿಯವಳು. ಮನೆಯಲ್ಲಿ ಕುರಿ ಕಾಯುತ್ತಿದ್ದರು, ತುಂಡು ಗದ್ದೆಯೂ ಇತ್ತು. ಆ ಮನೆತನದಲ್ಲಿ ನೌಕರಿಗೆಂದು ಹೊರಟ ಮೊದಲ ಹೆಣ್ಣು ಇವಳು. ದಿನಾ ಕೆಸರಿನಲ್ಲಿ ರಸ್ತೆಗೆ ನಡೆದು, ಬಸ್ಸಿನಲ್ಲಿ ಖಾನಾಪುರ ಸ್ಟೇಷನ್ನಿಗೆ ಬಂದು, ಲೋಂಡಾ ಕಡೆಯಿಂದ ಬರುವ ಮುಂಜಾನೆಯ ಗಾಡಿ ಹಿಡಿದು ಬೆಳಗಾವಿಗೆ ಬರುತ್ತಿದ್ದಳು. ಗಿಡ್ಡ ಆಳು, ಮಾತು ಕಡಿಮೆ. ಅವಳ ಆರು ತಿಂಗಳ ಪ್ರೊಬೇಷನ್ ಮುಗಿಯುತ್ತ ಬಂದಿತ್ತು. ಇನ್‌ಚಾರ್ಜ್ ಬರೆದಿದ್ದರು: ಮುಂಜಾನೆ ಕೆಲಸ ಸರಿ ಇದೆ, ಮಧ್ಯಾಹ್ನದ ಮೇಲೆ ತಪ್ಪುಗಳು ಬಹಳ, ತಲೆನೋವಿನ ನೆಪ ಹೇಳುತ್ತಾಳೆ, ಖಾಯಂ ಮಾಡುವುದು ಬೇಡ. ಸ್ಟೋರಿನಿಂದ ವಾಪಸು ಬಂದ ಪಟ್ಟಿಗಳಲ್ಲಿ ಮಧ್ಯಾಹ್ನದ ಹಾಳೆಗಳೆಲ್ಲ ಕೆಂಪು ಪೆನ್ಸಿಲ್ಲಿನ ಗುರುತುಗಳಿಂದ ತುಂಬಿದ್ದವು.

ನಮ್ಮ ಮ್ಯಾನೇಜರ್ ದೇಸಾಯಿ ಸಾಹೇಬರು ಕೆಟ್ಟವರಲ್ಲ. ಆದರೆ ಅವರಿಗೆ ಎಲ್ಲವೂ ಎರಡು ಸಾಲಿನಲ್ಲಿ ಮುಗಿಯಬೇಕು. ನನ್ನನ್ನು ಕರೆಸಿ ಹೇಳಿದರು: “ನೋಡ್ರಿ ಸಿಸ್ಟರ್, ದೋಷ ಟೇಬಲ್ ಕುರ್ಚಿಯೊಳಗ ಇದ್ರ ಟೇಬಲ್ ಕುರ್ಚಿ ತಗಸ್ತೀನಿ. ಹುಡುಗಿಯೊಳಗ ಇದ್ರ ಹುಡುಗೀನ್ನ ತಗೀತೀನಿ. ಎದರಾಗ ಐತಿ ಅನ್ನೂದು ನೀವು ನೋಡಿ ಬರದ್ ಕೊಡ್ರಿ.”

ಹಿಗ್ಗಿ ಹೀರೇಕಾಯಿಯಾದೆ. ಕೂತು ಮಾಡುವ ಕೆಲಸದ ಜಾಗವನ್ನು ಆರೋಗ್ಯದ ಕಣ್ಣಿನಿಂದ ಪರೀಕ್ಷೆ ಮಾಡುವುದು ನಮ್ಮೂರಿನಲ್ಲಿ ಯಾರೂ ಕೇಳಿರದ ಸಂಗತಿ. ವೈದ್ಯಕೀಯ ಕಾಲೇಜಿನಲ್ಲಿ ನನಗೆ ಪರಿಚಯವಿದ್ದ ಒಬ್ಬ ಡಾಕ್ಟರನ್ನು ಕೇಳಿದೆ. ಅವರು ಯಾವುದೋ ಪುಸ್ತಕ ನೋಡಿ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಮೊಣಕೈ ಕೀಬೋರ್ಡಿನ ಕೀಲಿಗಳ ಮಟ್ಟಕ್ಕೆ ಇರಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟ ಮೀರಬಾರದು. ಬೆನ್ನಿಗೆ ಆಸರೆ ಬೇಕು, ಅಂಗಾಲು ಪೂರ್ತಿ ಊರಬೇಕು. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ. ಆಗಾಗ ಎದ್ದು ಅಡ್ಡಾಡಬೇಕು. ಇಷ್ಟೇ. ದರ್ಜಿಯ ಹತ್ತಿರ ಅಳತೆಯ ಪಟ್ಟಿ ಕಡ ತಂದು ಕೊರಳಿಗೆ ಹಾಕಿಕೊಂಡೆ. ಸ್ಟೆಥಾಸ್ಕೋಪಿಗಿಂತ ಅದೇ ನನಗೆ ಚೆನ್ನಾಗಿ ಒಪ್ಪುತ್ತದೆಂದು ಕಾರ್ಖಾನೆಯವರು ಚೇಷ್ಟೆ ಮಾಡಿದರು.

ಆರೂ ಹುಡುಗಿಯರನ್ನು ದವಾಖಾನೆಗೆ ಕರೆಸಿದೆ. ಮೊಣಕಾಲಿನಿಂದ ನೆಲದವರೆಗೆ, ಕೂತಾಗ ಮೊಣಕೈ ಎಷ್ಟು ಎತ್ತರ, ಕಣ್ಣು ಎಷ್ಟು ಎತ್ತರ, ಎಲ್ಲ ಅಳೆದು ವಹಿಯಲ್ಲಿ ಬರೆದುಕೊಂಡೆ. ಕೆಲಸಕ್ಕೆ ಅಡ್ಡಿಯಾಗಬಾರದೆಂದು ಭಾನುವಾರ ಖಾಲಿ ಕೋಣೆಗೆ ಹೋಗಿ ಮೇಜು ಕುರ್ಚಿಗಳನ್ನು ಅಳೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊಲಿದ ಹಾಗೆ ಹೊಂದಿಕೊಂಡಿದ್ದವು, ರುಕ್ಮಾಳದಂತೂ ಒಂದು ದಾರದಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಕಿಟಕಿಯ ಬೆಳಕು ಮಾತ್ರ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಮೇಜುಗಳನ್ನು ತಿರುಗಿಸಿ ಎಂದೆ. ಪೂಜೆ ಮಾಡಿ ಇಟ್ಟದ್ದನ್ನು ಅಲುಗಾಡಿಸುವುದಿಲ್ಲವೆಂದು ಇನ್‌ಚಾರ್ಜ್ ಹಟ ಹಿಡಿದರು. ಕಿಟಕಿಗೆ ದಪ್ಪ ಪರದೆ ಹಾಕುವುದಕ್ಕೆ ರಾಜಿಯಾಯಿತು. ಕುರ್ಚಿ ಮೇಜಿನ ಎತ್ತರದಲ್ಲಿ ದೋಷವಿಲ್ಲ ಎಂದು ಎರಡು ಪುಟದ ವರದಿ ಬರೆದು, ಕೆಳಗೆ ಗೀಟು ಎಳೆದು, ಸಹಿ ಹಾಕಿ ಕೊಟ್ಟೆ.

ದೇಸಾಯಿ ಸಾಹೇಬರು ಓದಿ, ಹಂಗಾದ್ರ ಹುಡುಗಿಯೊಳಗ ಐತಿ ಅಂದಂಗಾತು ಎಂದರು. ರುಕ್ಮಾಳನ್ನು ತೆಗೆಯುವ ಕಾಗದ ಮುಂದಿನ ಮಂಗಳವಾರಕ್ಕೆ ಸಿದ್ಧವಾಗಲಿ ಎಂದು ಗುಮಾಸ್ತರಿಗೆ ಹೇಳಿದರು. ಹುಡುಗಿಯೊಳಗೆ ದೋಷವಿದೆ ಎಂದು ನಾನು ಬರೆದಿರಲಿಲ್ಲ. ಆದರೆ ಅಳತೆ ಸುಳ್ಳು ಹೇಳುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಶುಕ್ರವಾರ ಮುಂಜಾನೆ ಕಣ್ಣಿನ ಔಷಧದ ಬಾಟಲಿ ಕೊಡಲು ಮಹಡಿಗೆ ಹೋದೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಡುವಾಗ ಪಕ್ಕದಲ್ಲಿ ರುಕ್ಮಾಳ ಚಪ್ಪಲಿ ಕಂಡಿತು. ಕೆಸರಿನ ಹಾದಿ ತುಳಿಯುವುದಕ್ಕೆಂದು ತೊಗಲಿನ ಅಡಿಗೆ ಟೈರು ಹೊಡೆಸಿದ್ದ ಚಪ್ಪಲಿ, ಮೂರು ಬೆರಳು ದಪ್ಪ. ನೋಡುತ್ತ ನಿಂತೆ. ದವಾಖಾನೆಯಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ, ಅಲ್ಲಿ ನೆಲದ ಮೇಲೆ ಸೂಜಿ, ಗಾಜು ಬಿದ್ದಿರುತ್ತವೆಂದು ನಾನೇ ಮಾಡಿದ ನಿಯಮ. ನಾನು ಅಳೆದದ್ದು ರುಕ್ಮಾಳ ಕಾಲನ್ನು ಚಪ್ಪಲಿ ಸಮೇತ. ಅವಳು ಕೆಲಸ ಮಾಡುತ್ತಿದ್ದದ್ದು ಬರಿಗಾಲಲ್ಲಿ. ಎಲ್ಲರೂ ಚಪ್ಪಲಿ ಬಿಟ್ಟು ಹೋಗುವ ಕೋಣೆಗೆ ನಾನೂ ಭಾನುವಾರ ಚಪ್ಪಲಿ ಬಿಟ್ಟೇ ಹೋಗಿದ್ದೆ, ಆದರೂ ತಲೆಗೆ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಜನಕ್ಕೆ ಚಪ್ಪಲಿ ಬಿಟ್ಟದ್ದು ಲೆಕ್ಕಕ್ಕೇ ಬರುವುದಿಲ್ಲ.

ಆ ಎರಡು ಪುಟದ ವರದಿಯನ್ನು ವಾಪಸು ಕೇಳಲು ಹೋದಾಗ ನನಗೆ ಎಷ್ಟು ನಾಚಿಕೆಯಾಗಿತ್ತೆಂದರೆ, ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ಬಂದೆ. ಎರಡನೆಯ ಸಲ ಒಳಗೆ ಹೋಗಿ, ನನ್ನ ಅಳತೆ ತಪ್ಪಿದೆ, ಇನ್ನೊಮ್ಮೆ ನೋಡುತ್ತೇನೆ ಎಂದೆ. ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ಬಹಳ ಹೊತ್ತು ನೋಡಿದರು. ಮಂಗಳವಾರದ ತನಕ ಅವಕಾಶ ಕೊಟ್ಟರು, ಅದರ ಮೇಲೆ ಒಂದು ದಿನವೂ ಇಲ್ಲ ಎಂದರು.

ಅದೇ ದಿನ ಸ್ವೆಟರ್ ಹಾಕಿಕೊಂಡು ಆ ಕೋಣೆಯ ಮೂಲೆಯಲ್ಲಿ ಕೂತೆ. ಈ ಸಲ ಖಾಲಿ ಕುರ್ಚಿಯನ್ನಲ್ಲ, ಕೂತ ಜನರನ್ನು ನೋಡಲಿಕ್ಕೆ. ಒಬ್ಬಳು ಕುರ್ಚಿಯ ಮೇಲೆಯೇ ಚಕ್ಕಂಬಕ್ಕಳ ಹಾಕಿದ್ದಳು. ಇನ್ನೊಬ್ಬಳು ಕಾಲನ್ನು ಕುರ್ಚಿಯ ಸರಳಿಗೆ ಸಿಕ್ಕಿಸಿದ್ದಳು. ಬರಿಗಾಲಿಗೆ ನೆಲ ಎಷ್ಟು ತಣ್ಣಗಿತ್ತೆಂದರೆ ಅರ್ಧ ಗಂಟೆಗೆ ನನ್ನ ಬೆರಳುಗಳೇ ಮರಗಟ್ಟಿದವು. ಎಲ್ಲರಿಗಿಂತ ಗಿಡ್ಡವಳಾದ ರುಕ್ಮಾಳ ಕಾಲು ಎಲ್ಲರಿಗಿಂತ ಹೆಚ್ಚು ಜೋತಾಡಬೇಕಿತ್ತು. ಆದರೆ ಅವಳೊಬ್ಬಳೇ ಬೆನ್ನು ನೆಟ್ಟಗೆ ಮಾಡಿ, ಮೊಣಕಾಲು ಸರಿಯಾಗಿ ಮಡಚಿ, ಡಾಕ್ಟರ ಹಾಳೆಯಲ್ಲಿ ಬರೆದ ಹಾಗೆಯೇ ಕೂತಿದ್ದಳು, ಪಾದ ಮಾತ್ರ ಮೇಜಿನಡಿಯ ಕತ್ತಲಲ್ಲಿ ಕಾಣುತ್ತಿರಲಿಲ್ಲ. ನನಗೆ ಏನೂ ತಿಳಿಯಲಿಲ್ಲ. ಇವಳು ಹೀಗೆ ಕೂತರೆ ತಪ್ಪು ಯಾಕೆ ಮಾಡಬೇಕು, ಅದೂ ಮಧ್ಯಾಹ್ನದ ಮೇಲೆ ಮಾತ್ರ?

ಹನ್ನೆರಡೂವರೆಗೆ ಐದು ಜನ ಡಬ್ಬಿ ಹಿಡಿದುಕೊಂಡು ಊಟಕ್ಕೆ ಎದ್ದರು. ರುಕ್ಮಾ ಏಳಲಿಲ್ಲ. ಊಟ ಆಗಿದೆ ಎಂದಳು. ಅವಳು ದಿನಾ ಹೀಗೆಯೇ, ಯಾರ ಜೊತೆಗೂ ಬೆರೆಯುವುದಿಲ್ಲ ಎಂದು ಉಳಿದವರು ಹೇಳಿದರು. ಒಂದೂವರೆಗೆ ಅವಳು ಹಣೆ ಒತ್ತಿಕೊಳ್ಳತೊಡಗಿದಳು. ಎರಡೂವರೆಗೆ ಅವಳ ಬೆರಳು ಕೀಲಿಗಳ ಮೇಲೆ ತಡವರಿಸುತ್ತಿದ್ದವು. ನೀರು ಕುಡಿಯಲು ಅವಳು ಎದ್ದು ಹೋದಾಗ ನಾನು ಮಂಡಿಯೂರಿ, ಅಳತೆಪಟ್ಟಿ ಹಿಡಿದು, ಅವಳ ಮೇಜಿನ ಅಡಿಗೆ ತೂರಿಕೊಂಡೆ. ಅಲ್ಲಿ ಬಟ್ಟೆ ಸುತ್ತಿದ ಒಂದು ಅಗಲವಾದ ಅಲ್ಯುಮಿನಿಯಂ ಡಬ್ಬಿ ಇತ್ತು. ಅವಳ ಊಟದ ಡಬ್ಬಿ. ಮೂರು ಬೆರಳು ಎತ್ತರ. ಮುಚ್ಚಳದ ಮೇಲಿನ ಬಟ್ಟೆಯಲ್ಲಿ ಎರಡು ಅಂಗಾಲಿನ ಗುರುತು.

ನಾನು ಹೊರಗೆ ಬರುವಷ್ಟರಲ್ಲಿ ರುಕ್ಮಾ ವಾಪಸು ಬಂದು ನಿಂತಿದ್ದಳು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಅವಳ ಮುಖ ಬಿಳಿಚಿಕೊಂಡಿತು. ನನಗಿಂತ ಮೊದಲು ಅವಳೇ ಮಾತಾಡಿದಳು.

“ಅದರಾಗ ಏನೂ ಇಲ್ರಿ ಸಿಸ್ಟರ್. ಖಾಲಿ ಐತ್ರಿ. ಅನ್ನದ ಮ್ಯಾಲೆ ಕಾಲಿಡಾಕ ಬರ್ತೈತೇನ್ರಿ? ಅದಕ್ಕ ಗಾಡಿಯೊಳಗ ಉಂಡ್ ಬರ್ತೀನಿ. ಇಲ್ಲಿ ನಳದಾಗ ತೊಳದು, ಒರಸಿ, ಆಮ್ಯಾಲ ಇಡ್ತೀನಿ.”

ಆಮೇಲೆ ನಿಧಾನಕ್ಕೆ ಎಲ್ಲ ಹೇಳಿದಳು. ಮೊದಲ ವಾರ ಕಾಲು ಜೋತುಬಿದ್ದು ಜೋಮು ಹಿಡಿಯುತ್ತಿತ್ತು. ಕಾಲಿಡಲು ಏನಾದರೂ ಬೇಕೆಂದು ಇನ್‌ಚಾರ್ಜರನ್ನು ಕೇಳಿದಳು. ಮೇಜು ಕುರ್ಚಿ ಪುಣೆಯಿಂದ ಯಂತ್ರದ ಅಳತೆಗೆ ತಕ್ಕಂತೆ ಬಂದಿವೆ, ಹೊರಗಿನದು ಏನೂ ತರಕೂಡದು ಎಂದರು. ಒಳಗೆ ತರಬಹುದಾದದ್ದು ಡಬ್ಬಿಯೊಂದೇ. ಡಬ್ಬಿಯಲ್ಲಿ ಅವ್ವ ಕಟ್ಟಿದ ಭಕ್ರಿ, ಅಂದರೆ ಅಕ್ಕಿ ರೊಟ್ಟಿ, ಇರುತ್ತದೆ. ಅದರ ಮೇಲೆ ಕಾಲಿಡುವುದು ಅವಳಿಂದ ಸಾಧ್ಯವಿರಲಿಲ್ಲ. ಹಾಗಾಗಿ ಖಾನಾಪುರದಿಂದ ಗಾಡಿ ಹೊರಟ ಕೂಡಲೇ, ಹಸಿವೆ ಇರಲಿ ಬಿಡಲಿ, ಮಧ್ಯಾಹ್ನದ ಭಕ್ರಿಯನ್ನು ಮುಂಜಾನೆಯೇ ತಿಂದು ಮುಗಿಸುತ್ತಿದ್ದಳು. ಆಮೇಲೆ ಸಂಜೆ ಮನೆ ಮುಟ್ಟುವ ತನಕ ಬರೀ ನೀರು. ಖಾಲಿ ಕೈಯಲ್ಲಿ ಗೆಳತಿಯರ ನಡುವೆ ಕೂತರೆ ಡಬ್ಬಿ ಎಲ್ಲಿ ಎಂದು ಕೇಳುತ್ತಾರೆ, ಅದಕ್ಕೆ ಊಟಕ್ಕೂ ಏಳುತ್ತಿರಲಿಲ್ಲ. ಐದು ತಿಂಗಳಿಂದ ಹೀಗೆ. ನಾನು ಅವಳಿಗೆ ಕೊಟ್ಟ ಗುಳಿಗೆಗಳನ್ನೆಲ್ಲ ಹಸಿದ ಹೊಟ್ಟೆಯಲ್ಲಿ ನುಂಗಿದ್ದಳು. ಕೇಳುತ್ತ ನನಗೆ ಅಳು ಬಂತು, ಜೊತೆಗೆ ನನ್ನ ಮೇಲೆಯೇ ಸಿಟ್ಟು ಬಂತು.

ಇದನ್ನೆಲ್ಲ ವರದಿಯಲ್ಲಿ ಬರೆದರೆ ನೌಕರಿ ಉಳಿಯುತ್ತದೆ ಎಂದೆ. ರುಕ್ಮಾ ನನ್ನ ಕೈ ಹಿಡಿದುಕೊಂಡಳು.

“ಬ್ಯಾಡ್ರಿ ಸಿಸ್ಟರ್. ನೌಕರಿ ಹೋದ್ರ ಹೋಗ್ಲಿ. ಊಟದ ಡಬ್ಬಿ ಕಾಲಾಗ ಹಾಕ್ಕೊಂಡಿದ್ಲು ಅಂತ ನಮ್ಮವ್ವನ ಕಿವಿಗೆ ಬಿದ್ರ, ಆಕಿ ನನ್ನ ಮಾರಿ ನೋಡಂಗಿಲ್ಲ.”

ಅವಳ ಮಾತು ಮೀರಿ ಬರೆಯಲು ನನಗೆ ಮನಸ್ಸು ಬರಲಿಲ್ಲ. ಬರೆಯದೆ ಅವಳನ್ನು ಕಳೆದುಕೊಳ್ಳಲೂ ತಯಾರಿರಲಿಲ್ಲ. ಅವ್ವನನ್ನೇ ಕೇಳುತ್ತೇನೆಂದು ರುಕ್ಮಾಳನ್ನು ಹೇಗೋ ಒಪ್ಪಿಸಿ, ಭಾನುವಾರ ಮುಂಜಾನೆ ಕೊಡೆ ಹಿಡಿದು ಖಾನಾಪುರದ ಗಾಡಿ ಹತ್ತಿದೆ.

ಖಾನಾಪುರದ ಮಳೆಯ ಮುಂದೆ ಬೆಳಗಾವಿಯ ಮಳೆ ಏನೂ ಅಲ್ಲ. ಸ್ಟೇಷನ್ನಿನಿಂದ ಜಾಂಬೋಟಿ ರಸ್ತೆಯ ಬಸ್ಸು ಹಿಡಿದು, ರುಕ್ಮಾ ಹೇಳಿದ್ದ ತಿರುವಿನಲ್ಲಿ ಇಳಿದೆ. ಅವಳು ಬಂದು ಕಾಯುತ್ತಿದ್ದಳು, ಮುಖ ಮಾತ್ರ ಗಂಟು ಹಾಕಿಕೊಂಡಿತ್ತು. ಎರಡೂ ಬದಿಗೆ ಗದ್ದೆಯಲ್ಲಿ ನಾಟಿ ನಡೆದಿತ್ತು. ತಲೆಯಿಂದ ಬೆನ್ನಿನವರೆಗೆ ಹೊದಿಕೆ ಹಾಕಿಕೊಂಡು ಬಗ್ಗಿದ ಹೆಂಗಸರು ಮರಾಠಿಯಲ್ಲಿ ಹಾಡುತ್ತಿದ್ದರು, ನಮ್ಮನ್ನು ಕಂಡು ಕನ್ನಡದಲ್ಲಿ ಯಾರ ಪೈಕಿ ಎಂದು ಕೇಳಿದರು. ಒಂದು ಸಲ ಕೆಸರಿನಲ್ಲಿ ನನ್ನ ಪಟ್ಟಣದ ಚಪ್ಪಲಿ ಹೂತು ಉಳಿದೇಬಿಟ್ಟಿತು. ರುಕ್ಮಾಳ ಟೈರಿನ ಚಪ್ಪಲಿಯ ಬೆಲೆ ನನಗೆ ಅವತ್ತು ತಿಳಿಯಿತು.

ಅವಳ ಅವ್ವ ಒಲೆಯ ಮುಂದೆ ಕೂತು ಭಕ್ರಿ ಬಡಿಯುತ್ತಿದ್ದಳು. ಬಾಜುಕ್ಕೆ ಕಂಬಳಿ ಒಣಗಲು ಹಾಕಿದ್ದರು, ಮನೆಯೆಲ್ಲ ತೊಯ್ದ ಉಣ್ಣೆಯ ವಾಸನೆ. ಬರ್ರಿ ಬಾಯಾರ, ಕುಂದರ್ರಿ ಎಂದು ಮಣೆ ಕೊಟ್ಟಳು. ನನಗೆ ಸುತ್ತಿಬಳಸಿ ಮಾತಾಡಿ ರೂಢಿಯಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಕೋಣೆಯ ಥಂಡಿ, ಕುರ್ಚಿಯ ಎತ್ತರ, ಡಬ್ಬಿ, ಗಾಡಿಯಲ್ಲಿ ಮುಗಿಸುವ ಭಕ್ರಿ, ಮಂಗಳವಾರ ಬರುವ ಕಾಗದ. ರುಕ್ಮಾ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ತವೆಯ ಮೇಲಿನ ಭಕ್ರಿ ಕರಕಾಯಿತು, ಅದನ್ನು ತೆಗೆದು ಬದಿಗಿಟ್ಟಳು.

ಆಮೇಲೆ ಹೇಳಿದಳು: “ಖಾಲಿ ಡಬ್ಬಿ ಅಂದ್ರ ತಗಡು. ತಗಡಿಗೆ ಕಾಲು ತಾಗಿದ್ರ ಏನೂ ಆಗಂಗಿಲ್ಲ. ನಾ ಕಟ್ಟಿದ ಭಕ್ರಿ ಹೊತ್ತಿಗೆ ಉಣದ ಹಸದ್ ಕುಂತಾಳಲ್ಲ, ಅದು ನನಗ ಹೊಟ್ಟ್ಯಾಗ ಚುಚ್ಚತೈತಿ.” ನನ್ನ ಕಡೆ ತಿರುಗಿದಳು. “ಬರೀರಿ ಬಾಯಾರ. ಎಲ್ಲಾ ಬರೀರಿ. ನನ್ನ ಮಗಳು ಅನ್ನದ ಮ್ಯಾಲೆ ಕಾಲಿಡಲಿಲ್ಲ, ಅದನ್ನೂ ಬರೀರಿ.”

ನಾನು ಹೊರಟಾಗ, ನಾನು ಕೂತಿದ್ದ ಮಣೆಯನ್ನು ತೊಳೆದು, ಗೋಣಿಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಮೂರು ಬೆರಳು ಎತ್ತರದ, ಹಲಸಿನ ಹಲಗೆಯ ಮಣೆ. ಗಾಡಿಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದುರಿಗಿದ್ದವರು ಮದುವೆಗೆ ಹೊರಟಿದ್ದೀರಾ ಎಂದು ಕೇಳಿದರು. ಹೆಚ್ಚು ಕಡಿಮೆ ಹಾಗೆಯೇ ಎಂದೆ.

ಎರಡನೆಯ ವರದಿ ಒಂದೇ ಪುಟ. ಮೊದಲ ಸಾಲಿನಲ್ಲಿ ನನ್ನ ತಪ್ಪು: ಕಾಲನ್ನು ಚಪ್ಪಲಿ ಸಮೇತ ಅಳೆದಿದ್ದೆ, ಕೆಲಸ ಬರಿಗಾಲಿನದು. ಆಮೇಲೆ ಶನಿವಾರ ಬರಿಗಾಲಲ್ಲಿ ತೆಗೆದ ಆರೂ ಜನರ ಹೊಸ ಅಳತೆ, ಎಸಿಯ ಗಾಳಿ ನೇರ ಬೆನ್ನಿಗೆ ಬಡಿಯುವುದು, ಎದ್ದು ಅಡ್ಡಾಡಲು ಬಿಡುವು ಇಲ್ಲದ್ದು. ಆಮೇಲೆ ರುಕ್ಮಾಳ ಸಂಗತಿ. ಕೊನೆಯ ಸಾಲು ಅವಳ ಅವ್ವ ಹೇಳಿದ್ದು, ಹೇಳಿದ ಹಾಗೆಯೇ.

ಸೋಮವಾರ ದೇಸಾಯಿ ಸಾಹೇಬರು ಅದನ್ನು ಓದಿ ಎದ್ದರು. ಮಹಡಿ ಮೆಟ್ಟಿಲ ಮೇಲೆ ಬೂಟು ಬಿಚ್ಚಿದರು. ಸಾಹೇಬರು ಎತ್ತರ ಹಿಮ್ಮಡಿಯ ಬೂಟು ಹಾಕುತ್ತಿದ್ದದ್ದು ಯಾಕೆಂದು ನಮಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ರುಕ್ಮಾಳನ್ನು ಎಬ್ಬಿಸಿ, ಡಬ್ಬಿಯನ್ನು ಎತ್ತಿ ಮೇಜಿನ ಮೇಲಿಡಿಸಿ, ಅವಳ ಕುರ್ಚಿಯಲ್ಲಿ ತಾವೇ ಕೂತರು. ಕಾಲುಚೀಲದಲ್ಲಿದ್ದ ಅವರ ಎರಡು ಪಾದಗಳು ನೆಲಕ್ಕೆ ತಾಗದೆ ತೂಗಾಡಿದವು. ಇನ್‌ಚಾರ್ಜ್ ಬೇರೆ ಕಡೆ ನೋಡಿದರು. ಸಾಹೇಬರು ಹಟ ಮಾಡಿ ಕಾಲು ಗಂಟೆ ಹಾಗೆಯೇ ಕೂತು, ಒಂದೊಂದೇ ಕೀಲಿ ಒತ್ತಿದರು. ಏಳುವಾಗ ಮೇಜು ಹಿಡಿದುಕೊಂಡರು.

“ಕಾಲು ಜೋಮು ಹಿಡದಾವು” ಎಂದರು. ಆಮೇಲೆ ನನ್ನ ಕಂಕುಳಲ್ಲಿದ್ದ ಮಣೆ ನೋಡಿ, “ಅದನ್ನ ಆ ಹುಡುಗಿ ಕಾಲಾಗ ಇಡ್ರಿ. ಹಂಗಽ ಇನ್ನ ಐದು ಮಾಡಸ್ರಿ.”

ಕಟ್ಟಿಗೆ ಒಳಗೆ ಬರಕೂಡದೆಂದು ಇನ್‌ಚಾರ್ಜ್ ಬಾಯಿ ತೆರೆದರು, ಸಾಹೇಬರ ಮುಖ ನೋಡಿ ಮುಚ್ಚಿದರು. ಮಂಗಳವಾರ ಸಿದ್ಧವಾದ ಕಾಗದ ಬೇರೆಯೇ ಆಗಿತ್ತು. ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ ಹಾಕಿದ್ದರು, ಅಷ್ಟೇ. ಖಾಯಂ ಮಾಡಿಸಿಕೊಳ್ಳುವುದು ಅವಳ ಕೈಯಲ್ಲಿತ್ತು, ದಸರೆ ದೀಪಾವಳಿ ಕಳೆಯುವಷ್ಟರಲ್ಲಿ ಮಾಡಿಸಿಕೊಂಡಳು.

ಆದರೆ ನನಗೆ ನೆನಪಿರುವುದು ಅದಲ್ಲ, ಆ ಮಂಗಳವಾರದ ಮಧ್ಯಾಹ್ನ. ಪಂಚಮಿ ಹಬ್ಬ ಹತ್ತಿರ ಬಂದಿತ್ತು. ಹನ್ನೆರಡೂವರೆಗೆ ಆರು ಜನ ಎದ್ದರು, ಆರು ಡಬ್ಬಿ ತೆರೆದವು. ರುಕ್ಮಾಳ ಡಬ್ಬಿ ಎಲ್ಲರ ನಡುವೆ ಬಂತು: ಅಕ್ಕಿ ಭಕ್ರಿ, ಸೊಪ್ಪಿನ ಪಲ್ಯ, ಮೂಲೆಯಲ್ಲಿ ನಾಲ್ಕು ಶೇಂಗಾ ಉಂಡಿ. ಗೆಳತಿಯರು ಕಾಲಡಿಯ ಡಬ್ಬಿಯ ಮಾತನ್ನೇ ಎತ್ತಲಿಲ್ಲ, ಇವತ್ತಾದರೂ ನಮ್ಮ ಜೊತೆ ಕೂತೆಯಲ್ಲ ಎಂದು ಚೇಷ್ಟೆ ಮಾಡಿದರು. ಒಂದು ಉಂಡಿಯನ್ನು ಅವಳ ಅವ್ವ ನನಗೆಂದು ಕಳಿಸಿದ್ದಳು. ದವಾಖಾನೆಗೆ ಮರಳಿ, ಗಾಯದ ಪಟ್ಟಿ ಕಟ್ಟುತ್ತ ಕಟ್ಟುತ್ತಲೇ ತಿಂದೆ.

ಆಮೇಲೆ ಕಾರ್ಖಾನೆಯಲ್ಲಿ ಎಷ್ಟೋ ಮೇಜು, ಎಷ್ಟೋ ಕುರ್ಚಿ ಅಳೆದೆ. ಚಪ್ಪಲಿ ಬಿಡಿಸಿಯೇ ಅಳೆದೆ, ಜನ ಕೂತಿರುವಾಗಲೇ ಅಳೆದೆ, ಊಟ ಎಷ್ಟು ಹೊತ್ತಿಗೆ ಎಂದು ಮೊದಲು ಕೇಳಿದೆ. ಈ ಮೂರನೆಯದು ಡಾಕ್ಟರ ಹಾಳೆಯಲ್ಲಿ ಇರಲಿಲ್ಲ.

ನೆಹರು ನಗರದ ಆ ಲ್ಯಾಬಿನಲ್ಲಿ ನನ್ನ ಸರದಿ ಬಂದಾಗ ಮಧ್ಯಾಹ್ನ ಎರಡು ಗಂಟೆ. ಬದಿಯಿಂದ ಇಣುಕಿ ನೋಡಿದೆ, ಕೌಂಟರಿನ ಹಿಂದೆ ಕಂಪ್ಯೂಟರ್ ಮುಂದೆ ಕೂತ ಹುಡುಗಿ ಕುರ್ಚಿಯ ಅಂಚಿಗೆ ಸರಿದು, ಬರಿಗಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ, ಒಂದು ಕೈಯಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದಳು. ನನ್ನ ಹೆಸರು, ವಯಸ್ಸು ಕೇಳಿದಳು. ಹೇಳಿದೆ. ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದಳು, ಅದು ಅವಳು ಎಲ್ಲರನ್ನೂ ಕೇಳಬೇಕಾದ ಪ್ರಶ್ನೆ.

ನಾನು ಕೌಂಟರಿನ ಮೇಲೆ ಬಗ್ಗಿದೆ.

“ಊಟ ಆತೇನವ್ವಾ?” ಎಂದೆ.